ಇಂಚು ಮಾಸ್ತರರ ಮೂರು ಮಿಲಿಮೀಟರ್

ಇಂಚು ಮಾಸ್ತರರ ಅಂಗಡಿಗೆ ಆಸ್ಪತ್ರೆಯ ಬಿಳಿ ಕೋಟು ಎರಡನೇ ಸಲ ವಾಪಸು ಬಂದದ್ದು ಒಂದು ಮಂಗಳವಾರ, ಬೆಳಗ್ಗೆ ಹತ್ತೂಕಾಲಿಗೆ. ತಂದವರು ಹೆಡ್ ನರ್ಸ್. ಕೋಟು ತೊಟ್ಟು, ಎರಡೂ ಕೈ ಮುಂದಕ್ಕೆ ಚಾಚಿ, ಬೆನ್ನು ತಿರುಗಿಸಿ ನಿಂತರು. ಬೆನ್ನಿನ ಬಟ್ಟೆ ಡೋಲಿನ ತೊಗಲಿನಂತೆ ಬಿಗಿದಿತ್ತು.

"ಇದನ್ನ ಹಾಕ್ಕೊಂಡು ರೋಗಿನ ಎತ್ತೋಕೆ ಹೋದ್ರೆ ಅವರಿಗಿಂತ ಮೊದಲು ನನಗೇ ಹೊಲಿಗೆ ಹಾಕಬೇಕಾಗುತ್ತೆ ಮಾಸ್ತರೇ," ಅಂದರು. "ನಿಮ್ಮ ಇಂಚೇನಾದ್ರೂ ಸಣ್ಣ ಆಗಿದೆಯಾ?"

ಆ ಬೀದಿಯಲ್ಲಿ ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದ ಮಾಸ್ತರರಿಗೆ ಆ ಹೆಸರು ಬಂದದ್ದೇ ಅಳತೆಯಿಂದ. ಗಿರಾಕಿ ಇನ್ನೂ ಹೊಸಿಲು ದಾಟುವಾಗಲೇ ಕಾಲರಿನ ಅಳತೆ ಹೇಳಿಬಿಡುತ್ತಿದ್ದರು. ಆಮೇಲೆ ಟೇಪು ಹಿಡಿಯುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ ಮಾತ್ರ. ನಲವತ್ತೆರಡು ಕೋಟುಗಳ ಕೆಲಸ ಈ ಒಂದು ಮಾದರಿಯ ಮೇಲೆ ನಿಂತಿತ್ತು. ತಿಂಗಳ ಕೊನೆಯೊಳಗೆ ಮೂರನೆಯ ಮಾದರಿ ತರಲು ಹೆಡ್ ನರ್ಸ್ ಹೇಳಿ ಹೋದರು. ಆದರೆ ಅಂದು ಮಾಸ್ತರರ ಊಟ ಕೆಡಿಸಿದ್ದು ಕೋಟುಗಳ ಯೋಚನೆಯಲ್ಲ. ಐವತ್ತೇಳನೆಯ ವಯಸ್ಸಿನಲ್ಲಿ ಕೈ ಕೊಡುತ್ತಿರುವುದು ತಮ್ಮ ಕೈಯೇ ಇರಬಹುದೇ ಎಂಬ ಸಂಶಯ.

ಮಧ್ಯಾಹ್ನ ಅವರು ಬಟ್ಟೆಯಿಂದ ಹಿಂದಕ್ಕೆ ಅಳೆಯುತ್ತ ಹೋದರು. ಹೊಲಿಗೆ ಸರಿಯಿತ್ತು, ಕತ್ತರಿಸಿದ್ದು ಸರಿಯಿತ್ತು. ಉಳಿದದ್ದು ಕಾಗದದ ನಮೂನೆ. ಎರಡು ವರ್ಷದಿಂದ ಅವರು ನಮೂನೆಯನ್ನು ಕಂಪ್ಯೂಟರಿನಲ್ಲಿ ಬರೆದು, ಮಾಮೂಲಿ ಹಾಳೆಗಳ ಮೇಲೆ ತುಂಡುತುಂಡಾಗಿ ಪ್ರಿಂಟು ತೆಗೆದು, ಅಂಚಿಗೆ ಅಂಚು ಅಂಟಿಸಿ ಬಟ್ಟೆಯ ಮೇಲೆ ಹಾಸುತ್ತಿದ್ದರು. ನಲವತ್ತೆರಡು ಮೈಗೆ ನಲವತ್ತೆರಡು ನಮೂನೆಯನ್ನು ಕೈಯಲ್ಲೇ ಬರೆಯಹೊರಟರೆ ತಿಂಗಳು ಸಾಲದು. ಹಾಳೆಯ ಮೂಲೆಯಲ್ಲಿ ಪರೀಕ್ಷೆಗೆಂದು ಹತ್ತು ಸೆಂಟಿಮೀಟರಿನ ಗೆರೆಯೊಂದು ಇರುತ್ತದೆ. ಮಾಸ್ತರರು ತಮ್ಮ ಉಕ್ಕಿನ ಸ್ಕೇಲನ್ನು ಅದರ ಪಕ್ಕ ಇಟ್ಟರು. ಗೆರೆ ಒಂಬತ್ತು ಸೆಂಟಿಮೀಟರ್ ಏಳು ಮಿಲಿಮೀಟರಿಗೆ ಮುಗಿದಿತ್ತು.

ಹತ್ತು ಸೆಂಟಿಮೀಟರಿಗೆ ಮೂರು ಮಿಲಿಮೀಟರ್ ಅಂದರೆ ಕೇಳಲು ಏನೂ ಅಲ್ಲ. ನಲವತ್ತು ಇಂಚಿನ ಎದೆಗೆ ಅದು ಒಂದೂಕಾಲು ಇಂಚಿನ ಹತ್ತಿರ ಬರುತ್ತದೆ.

ಕಂಪ್ಯೂಟರಿನಲ್ಲಿದ್ದುದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಹಳೆಯ ಪೆಟ್ಟಿಗೆ ಬೇರೆ ಯಾವುದನ್ನೂ ಹೊರಲಾರದು ಎಂದು ಭಾವಮೈದ ಅದನ್ನು ಹಾಕಿಕೊಟ್ಟಿದ್ದ. ಎದುರಂಗಡಿಯ ಟೈಲರಿಗೂ ಅದೇ ದಿನ, ಅದೇ ಸಿ.ಡಿ.ಯಿಂದ ಹಾಕಿಕೊಟ್ಟಿದ್ದ. ಈಗ ಬೇರೆ ಊರಿನಲ್ಲಿದ್ದ ಅವನಿಗೆ ಮಾಸ್ತರರು ಫೋನು ಮಾಡಿದರು.

"ಮೂರು ವಾರದ ಹಿಂದೆ ಅಪ್‌ಡೇಟ್ ಬಂದಿತ್ತಲ್ಲ ಭಾವ, ಅದರಲ್ಲಿ ಬಗ್ ಇರಬೇಕು. ಅದನ್ನ ಮಾಡಿದವರ ವೆಬ್‌ಸೈಟಿದೆ, ಅಲ್ಲಿ ನೀವೇ ರಿಪೋರ್ಟ್ ಹಾಕಿ."

"ಹುಳುನೋ ಹೆಗ್ಗಣನೋ, ನೀನೇ ಬಂದು ಹಿಡಿಯಪ್ಪ."

"ಅನುಭವಿಸಿದವರು ಬರೆದ್ರೇ ಅವರು ನಂಬೋದು. ಯಾರಿಗೂ ಸಂಬಳ ಇಲ್ಲ ಅಲ್ಲಿ, ಬಿಡುವಲ್ಲಿ ಮಾಡೋರು. ಸ್ವಲ್ಪ ಮರ್ಯಾದೆಯಿಂದ ಬರೀರಿ."

ವೆಬ್‌ಸೈಟಿನ ಅರ್ಜಿ ಇಂಗ್ಲಿಷಿನಲ್ಲಿತ್ತು. ಪದಕೋಶ ಪಕ್ಕದಲ್ಲಿಟ್ಟುಕೊಂಡು, ಅಳೆದು ಸುರಿದು, ಮಾಸ್ತರರು ಒಂದೂವರೆ ಗಂಟೆಯಲ್ಲಿ ಒಂಬತ್ತು ಸಾಲು ಬರೆದರು. ಅರ್ಜಿ ಮೂರು ಪ್ರಶ್ನೆ ಕೇಳಿತ್ತು: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಗಿರಾಕಿಗಳೂ ಇಷ್ಟು ಚೊಕ್ಕವಾಗಿ ದೂರು ಹೇಳುವಂತಿದ್ದರೆ ಎಂದು ಅವರಿಗೆ ಅನ್ನಿಸಿತು. ಕಳಿಸಿದ ಕೂಡಲೇ ದೂರಿನ ಪಕ್ಕ ಒಂದು ಬೂದು ಬಣ್ಣದ ಚೀಟಿ ಮೂಡಿತು: ದೃಢಪಟ್ಟಿಲ್ಲ.

ಎರಡು ದಿನದ ಮೇಲೆ ಜಗತ್ತಿನ ಯಾವುದೋ ಮೂಲೆಯಿಂದ ಒಬ್ಬಾತ ಉತ್ತರಿಸಿದ. "ನನ್ನಲ್ಲಿ ಸರಿಯಾಗಿದೆ. ಯಾವಾಗಲೂ ಹೀಗಾಗುತ್ತದೆಯೋ, ಕೆಲವು ಸಲವೋ?"

"ಅವನಲ್ಲಿ ಸರಿಯಾಗಿದೆಯಂತೆ," ಎಂದು ಮಾಸ್ತರರು ಹೆಂಡತಿಗೆ ಓದಿ ಹೇಳಿದರು. "ಹಲ್ಲುನೋವು ಅಂತ ಹೋದ್ರೆ, ಡಾಕ್ಟರು ನನ್ನ ಹಲ್ಲು ಚೆನ್ನಾಗಿದೆ ಅಂದ ಹಾಗಾಯ್ತು."

ಹೆಂಡತಿ ಗುಂಡಿಗೆ ಕಾಜಾ ಹೊಲಿಯುತ್ತಿದ್ದರು. ಬಾಯಲ್ಲಿ ದಾರವಿದ್ದದ್ದರಿಂದ ಬರೀ ತಲೆಯಾಡಿಸಿದರು.

ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಮಾಸ್ತರರು ನಾಲ್ಕು ದಿನ ಅಂಗಡಿಯಲ್ಲಿ ಬಂದ ಪ್ರತಿ ಹಾಳೆಯ ಗೆರೆಯನ್ನೂ ಅಳೆದು ಬರೆದಿಟ್ಟರು. ಬೆಳಗಿನ ಹಾಳೆಗಳು ಒಂಬತ್ತು ಏಳು. ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬಂದಾಗ ಪ್ರಿಂಟರಿನ ಮೇಲಿರುತ್ತಿದ್ದ ಹಾಳೆಗಳು ಸರಿಯಾಗಿ ಹತ್ತು. ಸಂಜೆ ಮತ್ತೆ ಒಂಬತ್ತು ಏಳು. ಬಿಸಿಲಿಗೆ ಕಾಗದ ಹಿಗ್ಗುತ್ತಿದೆಯೇ? ಕಿಟಕಿಗೆ ಪರದೆ ಕಟ್ಟಿದರು. ವೋಲ್ಟೇಜು ಏರುಪೇರೇ? ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತು ನೋಡಿದರು. ಏನೂ ಬದಲಾಗಲಿಲ್ಲ. ಕೊನೆಗೆ, ಸುಳ್ಳು ಬರೆಯುವ ಅಭ್ಯಾಸವಿಲ್ಲದ್ದರಿಂದ, ಕಂಡದ್ದನ್ನೇ ಬರೆದರು: ಬೆಳಗ್ಗೆ ತಪ್ಪು, ಮಧ್ಯಾಹ್ನ ಸರಿ, ಸಂಜೆ ತಪ್ಪು.

ಉತ್ತರ ಬೇಗ ಬಂತು. ಇಂಥ ವಿವರದಿಂದ ದೋಷವನ್ನು ಪತ್ತೆಮಾಡಲಾಗದು. ಬೇರೆ ಯಾರಾದರೂ ಬಳಕೆದಾರರು "ನನಗೂ ಹೀಗೇ ಆಗುತ್ತಿದೆ" ಎಂದು ದೃಢಪಡಿಸಬೇಕು. ದೂರು ಕೊಟ್ಟವರೇ ದೃಢಪಡಿಸುವಂತಿಲ್ಲ. ಹದಿನಾಲ್ಕು ದಿನದಲ್ಲಿ ಯಾರೂ ಬಾರದಿದ್ದರೆ ದೂರನ್ನು ಮುಚ್ಚಲಾಗುವುದು.

"ಮುಚ್ಚಲಿ, ಅವರ ಬಾಯನ್ನೂ ಮುಚ್ಚಲಿ," ಎಂದು ಮಾಸ್ತರರು ಎದ್ದು ಊಟಕ್ಕೆ ಹೋದರು. ಸಿಟ್ಟಿನಲ್ಲಿ ಅನ್ನ ಸೇರಲಿಲ್ಲ, ನಿದ್ದೆಯೂ ಹತ್ತಲಿಲ್ಲ. ಅರ್ಧ ಗಂಟೆ ಮೊದಲೇ ಅಂಗಡಿಗೆ ಮರಳಿದರು. ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಲಂಗದ ನಮೂನೆ ಪ್ರಿಂಟು ತೆಗೆಯುತ್ತಿದ್ದರು. ಮಾಸ್ತರರು ಬೆನ್ನ ಹಿಂದೆ ನಿಂತು ನೋಡಿದರು. ಶೇಕಡಾ ನೂರು ಎಂದಿದ್ದ ಜಾಗದಲ್ಲಿ ಆಕೆ ನೂರಮೂರು ಎಂದು ಒತ್ತಿದರು. ಹಾಳೆ ಹೊರಬಂದ ಮೇಲೆ ಅದನ್ನು ಅಳಿಸಿ, ನೂರು ಎಂದು ಮೊದಲಿನಂತೆ ಮಾಡಿಟ್ಟರು.

"ಏನೇ ಅದು?"

"ಲಂಗ."

"ನೂರಮೂರು ಯಾಕೆ ಹಾಕಿದೆ?"

"ನೂರು ಹಾಕಿದ್ರೆ ಚಿಕ್ಕದು ಬರುತ್ತಲ್ಲ. ತಿಂಗಳಾಗ್ತಾ ಬಂತು. ಒಂದು ಬೆರಳು ಜಾಸ್ತಿ ಬಿಟ್ಟೆ, ಅಷ್ಟೇ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ? ಮಿಷನ್ ಮುಟ್ಟಬೇಡ, ಸೆಟ್ಟಿಂಗ್ ಮುಟ್ಟಬೇಡ ಅಂತೀರಿ. ಅದಕ್ಕೇ ಮೊದಲಿದ್ದ ಹಾಗೇ ಇಟ್ಟುಬಿಡ್ತಿದ್ದೆ."

ಮಾಸ್ತರರು ಹಾಳೆ ಎತ್ತಿ ಗೆರೆ ಅಳೆದರು: ಸರಿಯಾಗಿ ಹತ್ತು. ಬಟ್ಟೆ ಎಲ್ಲಿ ಎಳೆದರೆ ಅಲ್ಲಿ ಬೆರಳಷ್ಟು ಬಿಟ್ಟು, ಯಾರಿಗೂ ತಿಳಿಯದಂತೆ ಸರಿಮಾಡುವುದನ್ನು ಆಕೆಗೆ ಕಲಿಸಿದ್ದೇ ಅವರು. ದರ್ಜಿಯ ಸದ್ಗುಣವೇ ಅವರ ದೂರನ್ನು ಹಾಳುಮಾಡಿತ್ತು.

"ಇನ್ನೇನು, ನೂರಮೂರು ಹಾಕಿ ಕೋಟು ಕತ್ತರಿಸಿ. ತಲೆನೋವು ಹೋಯ್ತು," ಎಂದರು ಹೆಂಡತಿ.

"ನಾಳೆ ಅವರು ಅದನ್ನ ಸದ್ದಿಲ್ಲದೆ ಸರಿ ಮಾಡಿದ್ರೆ? ನಿನ್ನ ನೂರಮೂರಲ್ಲಿ ನಲವತ್ತೆರಡು ಡೇರೆ ಹೊಲಿದು ಕೊಡೋದಾ?" ಎಂದರು ಮಾಸ್ತರರು. "ತಪ್ಪು ನನ್ನ ಕೈಯದಲ್ಲ ಅಂತ ಯಾರಾದ್ರೂ ಒಬ್ಬರು ಹೇಳಬೇಕು ಕಣೆ. ಹೊರಗಿನವರು."

ಅದೇ ಸಿ.ಡಿ. ಹಾಕಿಸಿಕೊಂಡ ಹೊರಗಿನವರೆಂದರೆ ಇದ್ದದ್ದು ಒಬ್ಬರೇ. ಮಾಸ್ತರರು ಮೂರು ದಿನ ಮೀನಮೇಷ ಎಣಿಸಿ, ನಾಲ್ಕನೇ ದಿನ ಹಾಳೆ, ಸ್ಕೇಲು ಹಿಡಿದುಕೊಂಡು ರಸ್ತೆ ದಾಟಿದರು. ಎದುರಂಗಡಿಯವರು ಒಂದು ಷರ್ಟಿನ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಬಿಚ್ಚಲು ಕಾದಿದ್ದ ಷರ್ಟುಗಳ ರಾಶಿ ಮೊಣಕಾಲೆತ್ತರ ಇತ್ತು.

"ಬನ್ನಿ ಬನ್ನಿ, ಇಂಚಿನವರು ಅಡಿ ಇಟ್ಟರಲ್ಲ ನಮ್ಮ ಅಂಗಡೀಲಿ."

ಮಾಸ್ತರರು ವಿಷಯ ಹೇಳಿದರು. ಎದುರಂಗಡಿಯವರು ಬ್ಲೇಡು ನಿಲ್ಲಿಸದೆ ಕೇಳಿಸಿಕೊಂಡರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಮ್ಮಲ್ಲಿ ಹಂಗೇನಿಲ್ಲಪ್ಪ."

"ಮತ್ತೆ ಇಷ್ಟೊಂದು ಷರ್ಟು?"

"ಈ ವರ್ಷ ಜನ ಎಲ್ಲಾ ದಪ್ಪ ಆಗಿದ್ದಾರೆ. ಹೊಟ್ಟೆ ಅವರದ್ದು, ನಾನೇನು ಮಾಡಲಿ?"

"ಒಂದೇ ಒಂದು ಹಾಳೆ ಪ್ರಿಂಟ್ ತೆಗೆದು ಅಳೆದು ನೋಡಿ. ಅದೇನು ಪಂಚಾಯ್ತಿ ಅಲ್ಲ, ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ," ಎಂದರು ಎದುರಂಗಡಿಯವರು.

ನನ್ನ ಷರ್ಟೂ ಬಿಗಿಯಾಗಿ ಬರುತ್ತಿದೆ ಎಂದು ಒಬ್ಬ ದರ್ಜಿ ಇನ್ನೊಬ್ಬನ ಮುಂದೆ ಒಪ್ಪಿಕೊಂಡದ್ದನ್ನು ಮಾಸ್ತರರೂ ಕಂಡವರಲ್ಲ. ಎದುರಂಗಡಿಯವರ ಜಾಗದಲ್ಲಿದ್ದರೆ ತಾವೂ ಹೊಟ್ಟೆಯನ್ನೇ ದೂರುತ್ತಿದ್ದರು. ಬರಿಗೈಯಲ್ಲಿ ವಾಪಸಾದರು. ನಿಜಕ್ಕೂ ಬರಿಗೈ: ವೆಬ್‌ಸೈಟಿನ ವಿಳಾಸ ಬರೆದಿದ್ದ ಹಾಳೆ ಮತ್ತು ಉಕ್ಕಿನ ಸ್ಕೇಲು ಎದುರಿನ ಮೇಜಿನ ಮೇಲೆಯೇ ಉಳಿದಿದ್ದವು. ಮರೆತು ಬಂದರೋ, ಬಿಟ್ಟು ಬಂದರೋ, ಅವರು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನದ ರಹಸ್ಯವನ್ನು ವಿವರಿಸಿ ದೂರಿಗೆ ನಾಲ್ಕು ಸಾಲು ಸೇರಿಸಿದರು. ವೆಬ್‌ಸೈಟಿನಲ್ಲಿ ಯಾರೂ ಉತ್ತರಿಸಲಿಲ್ಲ. ದಿನ ಕಳೆದಂತೆ ಮಾಸ್ತರರಿಗೆ ಬೆಳಗ್ಗೆ ಷಟರ್ ಎತ್ತಿದ ಕೂಡಲೇ ಬೂದು ಚೀಟಿ ನೋಡುವುದು, ಗೊಣಗುವುದು, ಆಮೇಲೆ ಸೂಜಿಗೆ ದಾರ ಪೋಣಿಸುವುದು ರೂಢಿಯಾಯಿತು. ಮೂರನೆಯ ಕೋಟಿನ ಬಟ್ಟೆ ಕತ್ತರಿ ತಾಗಿಸಿಕೊಳ್ಳದೆ ಮಡಿಕೆಯಲ್ಲೇ ಬಿದ್ದಿತ್ತು.

ಹನ್ನೆರಡನೇ ದಿನ ಚೀಟಿ ಹಸಿರಾಗಿತ್ತು: ದೃಢಪಟ್ಟಿದೆ. ಕೆಳಗೆ ಗುರುತಿಲ್ಲದ ಹೆಸರಿನಲ್ಲಿ ಒಂದು ಸಾಲು: "ನನಗೂ ಹೀಗೇ ಆಗುತ್ತಿದೆ. ಒಂಬತ್ತು ಏಳು." ಜೊತೆಗೆ ಒಂದು ಫೋಟೋ. ಹಾಳೆಯ ಮೇಲಿನ ಗೆರೆ, ಅದರ ಪಕ್ಕ ಉಕ್ಕಿನ ಸ್ಕೇಲು. ಸ್ಕೇಲಿನ ಏಳನೇ ಸೆಂಟಿಮೀಟರಿನ ಬಳಿ ಒಂದು ಕಚ್ಚು ಇತ್ತು. ಇಪ್ಪತ್ತು ವರ್ಷದ ಹಿಂದೆ ಮಾಸ್ತರರ ದಪ್ಪ ಕತ್ತರಿ ಬಿದ್ದು ಆದದ್ದು. ಮಾಸ್ತರರು ಮೂರನೆಯ ಕೋಟಿನ ಬಟ್ಟೆಯ ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡಿದರು.

ಹನ್ನೊಂದು ಗಂಟೆಗೆ ಎದುರಂಗಡಿಯವರು ಬಾಗಿಲಲ್ಲಿ ಕಾಣಿಸಿಕೊಂಡರು. "ನಿಮ್ಮ ಸ್ಕೇಲು ನಮ್ಮಲ್ಲೇ ಬಿಟ್ಟಿದ್ರಿ. ಬಿಳಿ ದಾರ ಒಂದು ರೀಲಿದ್ರೆ ಕೊಡಿ."

ಮಾಸ್ತರರು ಎರಡು ರೀಲು ಕೊಟ್ಟರು. "ಷರ್ಟೆಲ್ಲ ಮುಗೀತಾ?"

"ಮುಗೀತಾ ಬಂತು. ಜನ ಸ್ವಲ್ಪ ಇಳಿದಿದ್ದಾರೆ."

ಮರುದಿನ ವೆಬ್‌ಸೈಟಿನಲ್ಲಿ ಮೊದಲಿನಾತನೇ ಉತ್ತರಿಸಿದ್ದ. ದೋಷ ಸಿಕ್ಕಿತು, ಕ್ಷಮಿಸಿ. ಕೆಲವು ಪ್ರಿಂಟರುಗಳಲ್ಲಿ ಹೊಸ ಆವೃತ್ತಿ ಕೇಳದೆಯೇ ಪುಟವನ್ನು ಅಂಚಿನೊಳಕ್ಕೆ ಕುಗ್ಗಿಸುತ್ತಿದೆ, ದುರಸ್ತಿ ಮುಂದಿನ ಅಪ್‌ಡೇಟಿನಲ್ಲಿ ಬರುತ್ತದೆ. ಮಾಸ್ತರರು ಕೊನೆಯ ಸಾಲನ್ನು ಜೋರಾಗಿ ಓದಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು.

"ಓದಿ," ಎಂದರು ಹೆಂಡತಿ.

"ಅಲ್ಲೀವರೆಗೆ ಶೇಕಡಾ ನೂರಮೂರು ಹಾಕಿಕೊಳ್ಳಿ ಅಂತೆ."

ಹೆಂಡತಿ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. "ಹಾಕಲಾ?"

"ಹಾಕು. ಒಂದು ಚೀಟಿ ಬರೆದು ಅಂಟಿಸು, ಅಪ್‌ಡೇಟ್ ಬಂದ ದಿನ ನೂರಕ್ಕೆ ತರಬೇಕು ಅಂತ."

ಪ್ರಿಂಟರು ಗುರುಗುಟ್ಟುತ್ತ ಮೊದಲ ಹಾಳೆಯನ್ನು ಹೊರಹಾಕಿತು. ಮಾಸ್ತರರು ಕಚ್ಚು ಬಿದ್ದ ಸ್ಕೇಲನ್ನು ಗೆರೆಯ ಪಕ್ಕ ಇಟ್ಟರು. ಹತ್ತು. ಸೀಮೆಸುಣ್ಣ ಕೈಗೆ ತೆಗೆದುಕೊಳ್ಳುವ ಮೊದಲು ಏನೋ ನೆನಪಾಗಿ ರಸ್ತೆಯಾಚೆ ನೋಡಿದರು.

"ಎದುರಿನವರಿಗೂ ಈ ನೂರಮೂರು ಹೇಳಿಬರಬೇಕು."

"ಅವರ ಹೆಂಡತಿಗೆ ಮೊದಲ ವಾರವೇ ಹೇಳಿದ್ದೆ," ಎಂದರು ಹೆಂಡತಿ, ಎರಡನೇ ಹಾಳೆ ಎತ್ತಿಕೊಳ್ಳುತ್ತ. "ಆಕೆಯನ್ನೂ ಯಾರೂ ಕೇಳಲಿಲ್ಲವಂತೆ."