ಪ್ರೀತಿ ಅಂದಿದ್ದಕ್ಕೆ ಓಡಿಬಂದ ಅಪ್ಪ

ಬೈಲಹೊಂಗಲದ ಕಾಲೇಜೊಂದರಲ್ಲಿ, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವುದನ್ನು ಕಲಿಸಲು ಹೋಗಿದ್ದೆ. "ಈಗ ಮನಿಗೆ ಫೋನ್ ಮಾಡಿ, ನಿಮ್ಮ ಮ್ಯಾಲೆ ಭಾಳ ಪ್ರೀತಿ ಐತಿ ಅಂತ ಹೇಳ್ರಿ" ಎಂದೆ. ಮುರಗೋಡದ ಹುಡುಗಿಯೊಬ್ಬಳು ಅಪ್ಪನಿಗೆ ಹೇಳಿ, ನಾಚಿ ಫೋನ್ ಇಟ್ಟಳು. ಚಪ್ಪಾಳೆ ಬಿತ್ತು. ಎಲ್ಲರ ಫೋನ್ ಬಂದ್ ಮಾಡಿಸಿ ಮಾತು ಮುಂದುವರಿಸಿದೆ.

ಭಾಷಣ ಮುಗಿಯುವ ಮೊದಲೇ ಅವಳಪ್ಪ ಬರಿಗಾಲಲ್ಲಿ ಒಳಗೆ ನುಗ್ಗಿದ. ಮಗಳ ಗಲ್ಲ ಹಿಡಿದು ಬಾಯಿ ಮೂಸಿದ.

"ಬೆಳಿಗೆ ಹೊಡಿಯೋ ವಿಷದ ಎಣ್ಣಿ ಕುಡದಿಯೇನವ್ವಾ?"



"ಇಲ್ಲಪ್ಪಾ, ಸರ್ ಹೇಳಂದ್ರು, ಹೇಳಿದೆ" ಎಂದು ಅವಳು ಅತ್ತಳು.

ಅವನು ನನ್ನತ್ತ ತಿರುಗಿದ. "ಹುಟ್ಟಿದಾಗಿಂದ ಆಡದ ಮಾತು ಇವತ್ತ ಆಡಿ ಫೋನ್ ಬಂದ್ ಮಾಡಿದ್ರ, ನಾ ಏನ್ ತಿಳಕೋಬೇಕ್ರೀ?"

ಈಗೀಗ ನಾನು ಹುಡುಗರಿಗೆ, ಮೊದಲು ರೀಚಾರ್ಜಿಗಾಗಿ ಅಪ್ಪನ ಜೊತೆ ಜಗಳ ತೆಗೆಯಿರಿ, ಪ್ರೀತಿ ಆಮೇಲೆ ಹೇಳಿದರಾಯಿತು ಎನ್ನುತ್ತೇನೆ.