ಅಂಗೈ ಗೆರೆ ಕಾಣುವ ತನಕ

ನಮ್ಮ ಅತ್ತೆಗೆ ಗಡಿಯಾರದ ಮೇಲೆ ನಂಬಿಕೆಯಿಲ್ಲ. ಮನುಷ್ಯ ತಿರುವಿದ ಹಾಗೆ ತಿರುಗುವ ವಸ್ತು ಅದು ಅನ್ನುತ್ತಾರೆ. ಏಕಸಂಬಿಯ ನಮ್ಮ ಮನೆಯಲ್ಲಿ ಅವರ ದಿನ ಶುರುವಾಗುವುದೂ ಮುಗಿಯುವುದೂ ಅವರ ಅಂಗೈಯಲ್ಲಿ. ಬೆಳಿಗ್ಗೆ ಜಳಕ, ಜಪ ಮುಗಿಸಿ ಅಂಗಳಕ್ಕೆ ಬಂದು ಬಲಗೈ ಬಿಚ್ಚಿ ಹಿಡಿಯುತ್ತಾರೆ. ದೀಪದ ನೆರವಿಲ್ಲದೆ ಗೆರೆಗಳು ಕಂಡರೆ ಹಗಲಾಯಿತು, ಆಮೇಲೆಯೇ ಬಾಯಿಗೆ ನೀರು. ಸಂಜೆ ಅದೇ ಅಂಗಳ, ಅದೇ ಕೈ. ಗೆರೆ ಮಸುಕಾಗುವ ಮೊದಲು ಊಟ ಮುಗಿದಿರಬೇಕು.

ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ನಮ್ಮ ಜೈನರ ಮನೆಗಳಲ್ಲಿ ಹೊಸದೇನಲ್ಲ. ಆದರೆ ನನ್ನಂಥವರು, ಚಿಕ್ಕೋಡಿಯ ಹೈಸ್ಕೂಲಿನಲ್ಲಿ ದಿನವಿಡೀ ಕೂಗಿ ಪಾಠ ಮಾಡಿ ಬಸ್ಸಿಗೆ ಜೋತುಬಿದ್ದು ಮನೆ ಸೇರುವವರು, ಆ ನೇಮವನ್ನು ಎಂದೋ ಹಿರಿಯರ ಪಾಲಿಗೆ ಬಿಟ್ಟಿದ್ದೆವು. ನಾನು ಟಿವಿ ಮುಂದೆ ಕೂತು ಉಣ್ಣುವವಳು, ಉಂಡು ಒಂದು ತಾಸಿಗೆ ಮತ್ತೆ ಚೂಡಾ ಡಬ್ಬಿ ಹುಡುಕುವವಳು.

ನಲವತ್ತೈದು ದಾಟಿದ ಮೇಲೆ ನನಗೆ ಸಕ್ಕರೆ ಕಾಯಿಲೆ ಹಿಡಿಯಿತು. ಬೇಗ ಉಣ್ಣಿ, ಉಂಡು ನಡೆಯಿರಿ, ದಿನಾ ಒಂದೇ ಹೊತ್ತಿಗೆ ಏಳಿ, ಮಲಗಿ ಎಂದರು ಡಾಕ್ಟರು. ಫೋನಿನಲ್ಲಿ ಆರು ಅಲಾರಂ ಇಟ್ಟೆ. ಅದು ಹೊಡೆದುಕೊಂಡಾಗಲೆಲ್ಲ ಒಂದೊಂದು ನೆಪ ಹೇಳಿ ಅದರ ಬಾಯಿ ಮುಚ್ಚಿಸಿದೆ. ಹದಿನೈದು ದಿನ ಸುಮ್ಮನೆ ನೋಡಿದ ಅತ್ತೆ ಒಂದು ಸಂಜೆ ಹೇಳಿದರು.

"ಅದು ಒದರೂದು ಸಾಕ್ ಬೇ. ನಾಳಿಂದ ನನ್ನ ಹಿಂದ ಬಾ."

ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡೇ ಹಿಂದೆ ಹೋದೆ. ನಸುಕಿನಲ್ಲಿ ಎದ್ದು ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸಬೇಕು, ಕಾಯಿಸಬೇಕು. ಒಂದು ಹಿಡಿ ಅಕ್ಕಿ ಹಿಡಿದು ಬರಿಗಾಲಲ್ಲಿ ಬಸದಿಗೆ ನಡೆಯಬೇಕು, ದಾರಿಯಲ್ಲಿ ಮಾತಾಡಬಾರದು. ಟೀಚರಿಗೆ ಬಾಯಿ ಮುಚ್ಚಿ ನಡೆಯುವುದೇ ದೊಡ್ಡ ತಪಸ್ಸು. ಸಂಜೆ ಐದೂವರೆಗೆ ಬಸ್ಸಿಳಿದವಳೇ ಅತ್ತೆಯ ಪಕ್ಕ ಕೂತು ರೊಟ್ಟಿ, ಹೆಸರುಕಾಳಿನ ಪಲ್ಯ. ಆಮೇಲೆ ಕಬ್ಬಿನ ಹೊಲದ ದಾರಿಯಲ್ಲಿ ಬಾವಿಯ ತನಕ ಇಬ್ಬರೂ ಹೋಗಿ ಬರುವುದು.

ಅವರು ಒಂದು ದಿನವೂ ಉಪದೇಶ ಮಾಡಲಿಲ್ಲ. ಆರೋಗ್ಯ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ತಾಟಿನಲ್ಲಿ ಹುಳ ಬಿದ್ದರೆ ಕಣ್ಣಿಗೆ ಕಾಣಬೇಕು, ತಿಳಿಯದೆ ಒಂದು ಜೀವ ಹೋಗಬಾರದು, ಅವರಿಗೆ ಅಷ್ಟೇ. ನನಗೋ ನಾಲ್ಕು ತಿಂಗಳಲ್ಲಿ ಸಕ್ಕರೆ ಹದಕ್ಕೆ ಬಂತು, ನಿದ್ದೆ ಬಂತು, ಮಕ್ಕಳ ಮೇಲೆ ಕೂಗಾಡುವುದೂ ಕಡಿಮೆಯಾಯಿತು. ಅತ್ತೆಯ ಎಪ್ಪತ್ತೆಂಟರ ಆ ಸಣ್ಣ ದೇಹವನ್ನು ಸ್ಟಾಫ್ ರೂಮಿನಲ್ಲಿ ನಾನು ಹೊಗಳಿದ್ದೇ ಹೊಗಳಿದ್ದು.

ಮಳೆಗಾಲದಲ್ಲಿ ಒಂದು ಸಂಜೆ ನಾನು ಬರುವಷ್ಟರಲ್ಲಿ ಅವರ ತಾಟು ತೊಳೆದಿಟ್ಟಿತ್ತು. "ನಂದಾತು, ನೀ ಉಣ್ಣು" ಎಂದರು. ಮೋಡ ಕವಿದಿದೆ, ಬೇಗ ಉಂಡಿದ್ದಾರೆ ಅಂದುಕೊಂಡೆ. ಮಳೆಗಾಲ ಹೋಯಿತು, ಅವರ ಊಟ ಮಾತ್ರ ಹಿಂದೆ ಹಿಂದೆ ಸರಿಯಿತು. ಐದು ಗಂಟೆ, ನಾಲ್ಕೂವರೆ. ಬೆಳಗಿನ ನೀರು ನಾನು ಶಾಲೆಗೆ ಹೊರಟ ಮೇಲೆ. ಎರಡು ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕೆ ಇಳಿದರು, ಅದೂ ಗಡಿಬಿಡಿಯಲ್ಲಿ. ಹೊತ್ತು ಮುಳುಗುವ ಎರಡು ಘಳಿಗೆ ಮೊದಲೇ ಊಟ ಬಿಡುವ ಕಟ್ಟುನಿಟ್ಟಿನವರು ನಮ್ಮಲ್ಲಿದ್ದಾರೆ. ಅತ್ತೆ ವ್ರತ ಬಿಗಿ ಮಾಡಿದ್ದಾರೆ ಎಂದು ನಾವೆಲ್ಲ ನಂಬಿದೆವು. ಬಸದಿಯ ಹೆಂಗಸರು ಕೈ ಮುಗಿದರು. "ನಮ್ಮವ್ವ ಅಂದ್ರ ಏನ್ ತಿಳದಿ" ಎಂದು ನನ್ನ ಗಂಡ ಎದೆಯುಬ್ಬಿಸಿದರು. ನಾನೂ ಉಬ್ಬಿದೆ. ನನ್ನ ಸಕ್ಕರೆ ಇಳಿದದ್ದನ್ನು ವಾರವಾರ ನೋಡಿದೆ, ಅವರ ಕುಪ್ಪಸದ ತೋಳು ಸಡಿಲಾದದ್ದನ್ನು ನೋಡಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ. ನನಗೆ ಬೇಕಾಯಿತು.

ಕಬ್ಬು ಕಡಿಯುವ ಕಾಲದ ಒಂದು ಭಾನುವಾರ. ಮಧ್ಯಾಹ್ನ ಮೂರೂಮುಕ್ಕಾಲು. ಕಬ್ಬಿನ ಟ್ರ್ಯಾಕ್ಟರ್ ಹಾದುಹೋದರೆ ಅದರ ನೆರಳು ಎದುರು ಗೋಡೆಯ ಮೇಲೆ ಕಪ್ಪಗೆ ಬೀಳುವಂಥ ಬಿಸಿಲು. ಅತ್ತೆ ಅಂಗಳಕ್ಕೆ ಬಂದು ಬಲಗೈ ಬಿಚ್ಚಿದರು. ಮೂಗಿನ ಹತ್ತಿರ ತಂದರು, ದೂರ ಹಿಡಿದರು.

"ತಾಟ ಮಾಡ ಬೇ, ಹೊತ್ತಾತು."

ನಾನು ನನ್ನ ಕೈ ನೋಡಿಕೊಂಡೆ. ಕೂದಲೆಳೆಯಂಥ ಗೆರೆಯೂ ಕಾಣುತ್ತಿತ್ತು. ಬಾಯಿಗೆ ಸಿಟ್ಟೇ ಬಂತು.

"ಅತ್ತೀ, ಎಂಥಾ ಹೊತ್ತಾತ್ರಿ? ಬಿಸಲು ಚುರುಚುರು ಸುಡಾಕತ್ತೈತಿ!"

"ನನಗೂ ಗೊತ್ತೈತಿ. ಮೈಗೆ ಬಡೀತೈತಲ್ಲ. ಆದ್ರ ಗೆರಿ ಕಾಣವಲ್ಲವು."

"ಹಂಗಾರ ಕಣ್ಣಿಗೆ ಏನೋ ಆಗೇತಿ. ಅದಕ್ಕ ಉಪಾಸ ಯಾಕ್ರಿ?"

"ಗೆರಿ ಕಾಣದ ಕಣ್ಣಿಗೆ ತಾಟಿನ್ಯಾಗಿನ ಹುಳಾ ಕಾಣ್ತೈತೇನು? ಊರಿಗೆ ಹಗಲು ಇರಲಿ ಬೇ. ನನಗ ಹೊತ್ತು ಮುಳಗೇತಿ."

ಅಂದರೆ ಅವರಿಗೆ ಎಲ್ಲ ಗೊತ್ತಿತ್ತು. ಕಣ್ಣು ಮಂಜಾದಷ್ಟೂ ಅವರು ತಮ್ಮ ಹಗಲನ್ನು ಎರಡೂ ಕಡೆಯಿಂದ ಕತ್ತರಿಸಿಕೊಂಡು ಬಂದಿದ್ದರು. ಯಾರೂ ಕೇಳುವವರಿಲ್ಲದ ಕಡೆ, ತಮಗೆ ತಾವೇ ಸುಳ್ಳು ಹೇಳದೆ. ನಾನು ಆ ಹೊತ್ತು ಅಳುತ್ತಲೇ ಬೈದೆ. ಒಂದು ಮಾತು ಹೇಳಬಾರದಿತ್ತೇ ಅಂದೆ.

"ಹೇಳಿದ್ರ ದವಾಖಾನಿಗೆ ಒಯ್ತಿದ್ರಿ. ಅಲ್ಲಿ ಕತ್ತಲಾದ ಮ್ಯಾಲ ಗುಳಿಗಿ ನುಂಗು ಅಂತಾರ. ಎಂಟು ವರ್ಸದಾಕಿ ಇದ್ದಾಗ ಹಿಡದ ನೇಮ ಐತಿ. ಈಗ ಬಿಡ್ಲೇನು?"

ಮರುದಿನ ರಜೆ ಹಾಕಿ ನಿಪ್ಪಾಣಿಯ ಕಣ್ಣಿನ ದವಾಖಾನೆಗೆ ಕರೆದೊಯ್ದೆ. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. "ಭಾಳ ತಡಾ ಮಾಡೀರಿ ಆಯಿ" ಎಂದರು ಡಾಕ್ಟರು. "ಒಂದು ಕಣ್ಣು ಮೊದಲು ಮಾಡೂನು. ಎಷ್ಟು ಬರ್ತೈತಿ ಅಂತ ಈಗ ಹೇಳಾಕ ಆಗೂದಿಲ್ಲ."

ಅತ್ತೆಗೆ ಅದರ ಚಿಂತೆಯಿಲ್ಲ. ಕೈಮುಗಿದು ಕೇಳಿದರು. "ಹೊತ್ತು ಮುಳಗಿದ ಮ್ಯಾಲ ಬಾಯಿಗೆ ಏನೂ ಹಾಕಂಗಿಲ್ರಿ ಸಾಹೇಬ್ರ."

"ಬ್ಯಾಡ್ರಿ. ಗುಳಿಗಿ ಎಲ್ಲಾ ಹಗಲಾಗ ತಗೋರಿ. ರಾತ್ರಿ ಹನಿ ಅಷ್ಟ. ಅದನ್ನ ಕಣ್ಣಿಗೆ ಬಿಡೂದು, ಬಾಯಿಗಲ್ಲ."

ತಿಂಗಳುಗಟ್ಟಲೆ ಎದೆಯಲ್ಲಿಟ್ಟುಕೊಂಡ ಭಯಕ್ಕೆ ಇಷ್ಟೇ ಉತ್ತರ. ಅತ್ತೆ ನನ್ನ ಕಡೆ ತಿರುಗಿ, "ಕೇಳಿದಿ?" ಎಂದರು, ಇಷ್ಟು ದಿನ ದವಾಖಾನೆ ಬೇಡವೆಂದವಳು ನಾನೇ ಅನ್ನುವ ಹಾಗೆ.

ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಏನು ಕಂಡಿತು ಎಂದು ಎಲ್ಲರೂ ಕೇಳಿದೆವು. ಅವರು ದವಾಖಾನೆಯವರು ಕೊಟ್ಟ ಕರಿ ಕನ್ನಡಕ ಹಾಕಿಕೊಂಡು, "ಮನಿಗೆ ನಡಿ" ಎಂದರು. ಕಣ್ಣು ಬರಲಿಲ್ಲವೋ ಏನೋ ಎಂದು ನಿಪ್ಪಾಣಿಯಿಂದ ಏಕಸಂಬಿಯ ತನಕ ಅವರ ಮುಖವನ್ನೇ ನೋಡುತ್ತ ಬಂದೆ.

ಮನೆಗೆ ಬಂದು ಕೈಕಾಲು ತೊಳೆದರು. ನಾಲ್ಕು ಗಂಟೆಗೆ ನಾನು ತಾಟು ಮಾಡಿ ಕರೆದೆ, "ತಡಿ" ಎಂದರು. ಐದಕ್ಕೆ ಕರೆದೆ, "ತಡಿ ಬೇ." ಐದೂಮುಕ್ಕಾಲಿಗೆ ತಾವಾಗಿ ಬಂದು ಕೂತರು. ಒಂದು ರೊಟ್ಟಿ ನಿಧಾನವಾಗಿ, ತುತ್ತು ತುತ್ತು ನೋಡಿ ಉಂಡರು. ಆಮೇಲೆ ಎದ್ದು ಎಡಗೈಯಿಂದ ಗೋಡೆ ಹಿಡಿದು ಅಂಗಳಕ್ಕೆ ಹೋದರು. ಕರಿ ಕನ್ನಡಕ ಮೇಲೆತ್ತಿ, ಬೆರಳಿಗೆ ಪಲ್ಯ ಮೆತ್ತಿದ ಬಲಗೈಯನ್ನು ಹಾಗೇ ಬಿಚ್ಚಿ ಹಿಡಿದರು. ನಾನು ಬಾಗಿಲಲ್ಲಿ ನಿಂತೆ. ಅವರು ಬಹಳ ಹೊತ್ತು ನೋಡಿದರು, ಮತ್ತೆ ಒಳಗೆ ಬಂದು ತಾಟಿನ ಮುಂದೆ ಕೂತರು.

"ಇನ್ನೂ ಹೊತ್ತೈತಿ. ಮತ್ತೊಂದು ರೊಟ್ಟಿ ಹಾಕು."

ನಾನು ಎರಡು ಹಾಕಿದೆ. ಬೈಯಲಿಲ್ಲ, ಉಂಡರು.