ಕಪ್ಪು ಕಾಗದ ಬಿಚ್ಚಿದ ಬೆಳಗು

ಬೆಳಗಿನ ಐದೂವರೆ. ಸಂಶೋಧನಾಲಯದ ಕಾರಿಡಾರಿನಲ್ಲಿ ಇನ್ನೂ ದೀಪ ಹತ್ತಿಲ್ಲ. ಮೂಲೆಯ ಕೋಣೆಯಲ್ಲಿ ಮಾತ್ರ ಹಬೆಯಾಡುತ್ತಿದೆ. ಎಲ್ಲರೂ ಪ್ಲೇಟಕ್ಕ ಎಂದೇ ಕರೆಯುವ ಹೆಂಗಸು ಬಿಸಿ ಫ್ಲಾಸ್ಕನ್ನು ಬಟ್ಟೆಯಲ್ಲಿ ಹಿಡಿದು ಕೆನ್ನೆಗೆ ತಾಗಿಸಿ ನೋಡುತ್ತಾರೆ. ಸುಡಬಾರದು, ತಣಿಯಲೂಬಾರದು. ಹದ ಬಂತೆಂದರೆ ಕೈ ಓಡುತ್ತದೆ. ಅಂಗೈಯಗಲದ ತಟ್ಟೆಗಳಿಗೆ ತಣಿದರೆ ಜೆಲ್ಲಿಯಂತೆ ಗಟ್ಟಿಯಾಗುವ ಅಗರ್ ಪಾಕ ಸುರಿದು ಮುಚ್ಚಳ ಹಾಕುತ್ತಾ ಹೋಗುತ್ತಾರೆ. ಎಂಟು ಗಂಟೆಯೊಳಗೆ ಮುನ್ನೂರು ತಟ್ಟೆ, ಇಪ್ಪತ್ತೇಳು ವರ್ಷಗಳಿಂದ.

"ಮನೇಲಿ ಇಷ್ಟು ತಟ್ಟೆ ಹಾಕಿದ್ರೆ ಊರೇ ಉಂಡು ಹೋಗೋದು. ಇಲ್ಲಿ ಉಣ್ಣೋರು ಕಣ್ಣಿಗೇ ಕಾಣಲ್ಲ," ಎಂದು ನಗುತ್ತಾರೆ. ಉಣ್ಣುವವು ಯೀಸ್ಟ್ ಕೋಶಗಳು, ಬ್ರೆಡ್ ಉಬ್ಬಿಸುವ ಅದೇ ಯೀಸ್ಟ್.

ಓದಿದ್ದು ಏಳನೇ ತರಗತಿ. ಗಂಡ ತೀರಿಕೊಂಡ ವರ್ಷ, ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಗಾಜು ತೊಳೆಯುವ ಹಂಗಾಮಿ ಕೆಲಸಕ್ಕೆ ಸೇರಿದರು. ಆದರೂ ಯೀಸ್ಟಿನ ಸಮಾಚಾರ ಕೇಳಿ, ಪಟಪಟನೆ ಹೇಳುತ್ತಾರೆ. "ಒಳಗೆ ಡಿಎನ್‌ಎ ಎಳೆ ಹರಿದ್ರೆ ಕಾವಲಿನ ಪ್ರೋಟೀನುಗಳಿಗೆ ಗೊತ್ತಾಗತ್ತೆ. 'ತಡಿ, ಈಗ ಎರಡಾಗ್ಬೇಡ' ಅಂತ ಕೋಶಾನ ನಿಲ್ಲಿಸ್ತವೆ. ರಿಪೇರಿ ಆದ್ಮೇಲೇ ಮುಂದಿನ ಮಾತು. ಕಾವಲಿಲ್ಲದ ತಳಿ ಇದೆಯಲ್ಲ, ಅದು ಹರಕು ಇಟ್ಕೊಂಡೇ ಎರಡಾಗಕ್ಕೆ ಹೋಗಿ ಸಾಯತ್ತೆ."

ಆ ತಳಿಯ ಮಾತು ಬಂದರೆ ಅವರ ನಗು ಇಂಗುತ್ತದೆ. ಹತ್ತೊಂಬತ್ತು ವರ್ಷಗಳ ಹಿಂದೆ ಸಂಶೋಧಕಿಯೊಬ್ಬಳು ಅದಕ್ಕೆ ಅತಿನೇರಳೆ ಕಿರಣ ಹಾಯಿಸಿ, ಎಷ್ಟು ಸಾಯುತ್ತವೆಂದು ಎಣಿಸುತ್ತಿದ್ದಳು. ಕಿರಣ ತಾಗಿದ ತಟ್ಟೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿಡಬೇಕು. ಬೆಳಕು ಬಿದ್ದರೆ ಯೀಸ್ಟ್ ಆ ಬೆಳಕನ್ನೇ ಬಳಸಿಕೊಂಡು ತನ್ನ ಗಾಯ ಸರಿಮಾಡಿಕೊಳ್ಳುತ್ತದೆ, ಲೆಕ್ಕ ತಲೆಕೆಳಗಾಗುತ್ತದೆ. ಪ್ಲೇಟಕ್ಕನಿಗೆ ಆಗ ಅದು ತಿಳಿಯದು. ಸಂಶೋಧಕಿ ತಟ್ಟೆ ಸುತ್ತಿಟ್ಟು ತರಗತಿಗೆ ಹೋದಾಗ ಇವರು ಕಾಗದ ಸರಿಸಿ ನೋಡಿದರು. ಮುಚ್ಚಳದಲ್ಲಿ ನೀರು ಕಟ್ಟಿತ್ತು. ಒಳ್ಳೆಯದೇ ಆಗಲೆಂದು ಎಲ್ಲವನ್ನೂ ಬಿಚ್ಚಿ ಕಿಟಕಿಯ ಬಳಿ ಆರಲಿಟ್ಟರು. ಆಮೇಲೆ ಮೊದಲಿನಂತೆಯೇ ಸುತ್ತಿಟ್ಟರು.

ಸಾಯಬೇಕಾದವು ಬದುಕಿದವು. ಸಂಶೋಧಕಿ ಕುಣಿದಾಡಿದಳು, ತುಂಬಿದ ಸಭೆಯಲ್ಲಿ ಹೇಳಿಕೊಂಡಳು. ಮತ್ತೆ ಮೂರು ಸಲ ಮಾಡಿದರೂ ಹಾಗೆ ಬರಲಿಲ್ಲ. ಇಲ್ಲದ ಅಂಕಿಗಳನ್ನು ಹುಡುಗಿಯೇ ಸೃಷ್ಟಿಸಿದ್ದಾಳೆ ಎಂದುಬಿಟ್ಟರು ಅವಳ ಮಾರ್ಗದರ್ಶಕರು.

"ನನ್ಹತ್ರ ಬಂದ್ಲು. 'ಅಕ್ಕಾ, ಆ ಕಾಗದ ಯಾರಾದ್ರೂ ಬಿಚ್ಚಿದ್ರಾ?' ಅಂದ್ಲು. ಇಲ್ಲಮ್ಮ ಅಂದ್ಬಿಟ್ಟೆ. ಆ ತಿಂಗಳು ನನ್ನ ಕೆಲಸ ಉಳಿಯತ್ತೋ ಇಲ್ವೋ ಅನ್ನೋ ಹಾಗಿತ್ತು. ಮಗಳ ಮುಖ ಕಣ್ಮುಂದೆ ಬಂತು. ಆ ಹುಡುಗೀನೂ ಯಾರದೋ ಮಗಳಲ್ವಾ?"

ಸಂಶೋಧಕಿ ಆ ವಾರವೇ ಬಿಟ್ಟುಹೋದಳು. ಈಗ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ಮಾರ್ಗದರ್ಶಕರು ತೀರಿಕೊಂಡಿದ್ದಾರೆ. ಪ್ಲೇಟಕ್ಕ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಬೀಳ್ಕೊಡುಗೆಯ ಭಾಷಣ ಆಗಲೇ ಸಿದ್ಧವಾಗಿದೆ. 'ಒಂದು ತಪ್ಪೂ ಮಾಡದ ಕೈ' ಎಂದು ಅದರಲ್ಲಿ ಬರೆದಿದ್ದಾರಂತೆ.

ನಿಮ್ಮ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಏನು ಹಾಕಬೇಕೆಂದು ಕೇಳಿದರೆ ಕೈ ಒರೆಸಿಕೊಳ್ಳುತ್ತಾರೆ.

"ನನ್ನ ಹೊಗಳಬೇಡಿ. ಆ ಹುಡುಗಿ ಸುಳ್ಳು ಹೇಳಿರ್ಲಿಲ್ಲ, ಹೇಳಿದ್ದು ನಾನು ಅಂತ ಹಾಕಿ. ಎಲ್ಲಾದ್ರೂ ಇದ್ರೆ ಓದ್ಕೊಳ್ಲಿ."